ಹಿಮದ ಕೆಳಗಿನ ಮೋರಿ

ಭಾನುವಾರ ಬೆಳಿಗ್ಗೆ ಗೋವಿಂದರಾಜನಗರದ ಅಣ್ಣನ ಮನೆಯ ತಾರಸಿಯ ಮೇಲೆ ನಾವು ನಾಲ್ವರು ಸೇರಿದ್ದೆವು. ಈ ಸಲ ಚಳಿಗಾಲದ ಮೊದಲ ಹಿಮಕ್ಕೆ ಎಲ್ಲಿ ಸ್ಕೀಯಿಂಗಿಗೆ ಹೋಗುವುದು ಎನ್ನುವುದು ಅಂದೇ ತೀರ್ಮಾನವಾಗಬೇಕಿತ್ತು. ನೀರಿನ ಟ್ಯಾಂಕಿನ ನೆರಳಲ್ಲಿ ಲ್ಯಾಪ್‌ಟಾಪ್ ಇಟ್ಟು ಮೂರು ಊರುಗಳ ಚಿತ್ರಗಳನ್ನು ತೆರೆದಿದ್ದೆವು. ಅಣ್ಣ ಕಾಫಿ ಲೋಟ ಕೆಳಗಿಟ್ಟರು. ಯಾವುದನ್ನೂ ಓದಲಿಲ್ಲ, ಯಾವುದನ್ನೂ ಇನ್ನೊಂದರ ಜೊತೆ ಹೋಲಿಸಲಿಲ್ಲ. ಪರದೆಯ ಮೇಲೆ ಬೆರಳಿಟ್ಟರು. ಹೋದ ವರ್ಷ ಅವರನ್ನು ಒಳಕ್ಕೆ ಎಳೆದುಕೊಂಡ ಇಳಿಜಾರಿನ ಮೇಲೆಯೇ ಆ ಬೆರಳು ಕೂತಿತ್ತು.

“ಇಲ್ಲೇ,” ಎಂದರು.

ಆ ಬೆರಳನ್ನು ನಾನು ಈಗಲೂ ನೋಡುತ್ತಿರುತ್ತೇನೆ. ಇದನ್ನು ಬರೆಯುವಾಗಲೂ ನನ್ನ ಎರಡೂ ಪಾದಗಳು ನೆಲಕ್ಕೆ ಒತ್ತಿಕೊಂಡಿವೆ.

ಅಣ್ಣ ನನ್ನ ಒಡಹುಟ್ಟಿದವರಲ್ಲ. ನಾವು ಬಾಡಿಗೆಗಿದ್ದ ಮನೆಯ ಹಿಂದಿನ ರಸ್ತೆಯವರು. ನಾನು ಸ್ಕೂಲಿಗೆ ಹೋಗುವಾಗ ಅವರು ಕಾಲೇಜು ಮುಗಿಸಿದ್ದರು. ಅವರ ತಾತ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆಯೇ ಈಗ ಅವರ ಮನೆಯೂ ಅಕ್ಕಪಕ್ಕದ ಎರಡು ಅಡ್ಡರಸ್ತೆಗಳೂ ನಿಂತಿವೆ. ಮಾಗಡಿ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾರೆ. ನಲವತ್ತು ದಾಟಿದ ಮೇಲೆ ಒಂದು ಚಳಿಗಾಲ ಹಿಮ ನೋಡಲೆಂದು ಹೋದವರು ಸ್ಕೀ ಕಲಿತು ಬಂದರು. ಬಂದವರು ಸುಮ್ಮನಿರಲಿಲ್ಲ. ನನ್ನನ್ನೂ, ಬಸವೇಶ್ವರನಗರದಲ್ಲಿ ಫಿಸಿಯೋಥೆರಪಿಸ್ಟ್ ಆಗಿರುವ ನನ್ನ ಕಾಲೇಜಿನ ಗೆಳತಿಯನ್ನೂ, ಅಂಗಡಿಗೆ ಬಣ್ಣ ಕೊಳ್ಳಲು ಬಂದು ಮಾತಿಗೆ ಸಿಕ್ಕ ಬ್ಯಾಡರಹಳ್ಳಿಯ ಒಬ್ಬ ಬ್ಯಾಂಕ್ ನೌಕರನನ್ನೂ ಈ ಹುಚ್ಚಿಗೆ ಎಳೆದರು. ಆ ನೌಕರ ಗದಗಿನವನು. ಮೊದಲ ಸಲ ಹಿಮದಲ್ಲಿ ಬಿದ್ದಾಗ, ಎದ್ದೇಳುವ ಬದಲು ಮಲಗಿದಲ್ಲೇ, “ನಮ್ಮೂರಾಗ ಇಷ್ಟ್ ಐಸ್ ಇದ್ದಿದ್ರ ಗೋಲಾ ಮಾರಿ ಬಂಗ್ಲೆ ಕಟ್ಟಸ್ತಿದ್ದೆ ನೋಡ್ರಿ,” ಎಂದವನು.

ಮೂರು ಚಳಿಗಾಲ ಕಲಿತ ಮೇಲೆ ನಮಗೆ ಯಂತ್ರ ಓಡಿಸಿ ಹದ ಮಾಡಿದ ಇಳಿಜಾರು ಸಪ್ಪೆ ಅನ್ನಿಸತೊಡಗಿತು. ಅದನ್ನು ಬಿಟ್ಟು ಯಾರೂ ಮುಟ್ಟದ ಹಿಮದಲ್ಲಿ ಇಳಿಯುವುದಕ್ಕೆ ಆಫ್-ಪಿಸ್ಟ್ ಎನ್ನುತ್ತಾರೆ. ಅಲ್ಲಿ ಸ್ಕೀ ಅಡಿಯಲ್ಲಿ ಸದ್ದೇ ಇರುವುದಿಲ್ಲ. ಹೋದ ವರ್ಷ ಅಂಥ ಹಿಮವನ್ನೇ ಹುಡುಕಿ ಹೊರಟೆವು.

ನಾವು ಹೋಗುವ ಕಾಲವನ್ನು ನಿರ್ಧರಿಸುತ್ತಿದ್ದದ್ದು ಹಿಮವಲ್ಲ, ಪಂಚಾಂಗ. ಧನುರ್ಮಾಸದಲ್ಲಿ ಗುದ್ದಲಿಪೂಜೆ ಇಲ್ಲ, ಗೃಹಪ್ರವೇಶ ಇಲ್ಲ. ಸಿಮೆಂಟು, ಪೈಪು, ಬಣ್ಣ ಕೇಳುವವರು ಕಡಿಮೆ. ಆ ತಿಂಗಳು ಬಿಟ್ಟರೆ ಅಣ್ಣ ಅಂಗಡಿ ಬಿಟ್ಟು ಕದಲುವವರಲ್ಲ. ಧನುರ್ಮಾಸ ಶುರುವಾಗುವಾಗ ಹಿಮಾಲಯದಲ್ಲಿ ಹಿಮ ಆಗಷ್ಟೇ ಬೀಳುತ್ತಿರುತ್ತದೆ, ತೆಳ್ಳಗೆ ಹಾಸಿಕೊಂಡಿರುತ್ತದೆ. ಅಂಥ ಹೊತ್ತಿನಲ್ಲಿ ಊರು ಆರಿಸುವುದು ಸುಲಭವಲ್ಲ. ಉತ್ತರಾಖಂಡದ ಊರಿನಲ್ಲಿ ದೇವದಾರು ಕಾಡು ಚೆನ್ನ, ಆದರೆ ಡಿಸೆಂಬರಿನಲ್ಲಿ ಹಿಮ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಜಾರ್ಜಿಯಾ ದೇಶಕ್ಕೆ ಹೋಗೋಣವೆಂದರೆ ಅಲ್ಲಿ ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟುಗಳು ತೆರೆಯುವುದು ತಡ. ಕಾಶ್ಮೀರದ ಊರು ಎಲ್ಲಕ್ಕಿಂತ ಎತ್ತರ, ರೋಪ್‌ವೇ ತುದಿಯವರೆಗೆ ಒಯ್ಯುತ್ತದೆ, ಇಳಿಜಾರು ಉತ್ತರಕ್ಕೆ ಮುಖ ಮಾಡಿರುವುದರಿಂದ ಬಿದ್ದ ಹಿಮ ಬಿಸಿಲಿಗೆ ಕರಗುವುದಿಲ್ಲ. ಹೀಗೆಲ್ಲ ಲೆಕ್ಕ ಹಾಕಿ ಕಾಶ್ಮೀರವನ್ನು ಆರಿಸಿದೆವು. ಎತ್ತರ ನೋಡಿದೆವು, ದಿಕ್ಕು ನೋಡಿದೆವು. ಹಿಮದ ಕೆಳಗೆ ಏನಿದೆ ಎಂದು ನಾಲ್ವರಲ್ಲಿ ಒಬ್ಬರೂ ಕೇಳಲಿಲ್ಲ.

ಮುಂದಿನದನ್ನು ಹೇಳುವ ಮೊದಲು ನಮ್ಮ ಕಡೆಯ ಒಂದು ಅಭ್ಯಾಸ ಹೇಳಬೇಕು. ವಿಜಯನಗರ, ಗೋವಿಂದರಾಜನಗರ, ಬಾಪೂಜಿ ನಗರಗಳಲ್ಲಿ ಬೆಳೆದವರಿಗೆ ಫುಟ್‌ಪಾತ್ ಎಂದರೆ ಮೋರಿಯ ಮೇಲೆ ಮುಚ್ಚಿದ ಕಲ್ಲುಚಪ್ಪಡಿ. ನಾವು ಕುಂಟೆಬಿಲ್ಲೆ ಆಡಿದ್ದು ಅದರ ಮೇಲೆಯೇ. ಕಾಲಿಟ್ಟಾಗ ಕೆಳಗಿನ ಟೊಳ್ಳಿನಿಂದ ಧಬ್ ಎಂದು ಸದ್ದು ಬಂದರೆ ಚಪ್ಪಡಿ ಗಟ್ಟಿಯಾಗಿದೆ ಎಂದರ್ಥ. ಮಳೆ ಬಂದು ರಸ್ತೆ ಮುಳುಗಿದಾಗ, ಎಲ್ಲಿ ಚಪ್ಪಡಿ ಎಲ್ಲಿ ಬಾಯಿ ತೆರೆದ ಮೋರಿ ಎಂದು ಕಾಣದೆ ಇದ್ದಾಗ, ದೊಡ್ಡವರು ಛತ್ರಿಯ ತುದಿಯಿಂದ ಕುಟ್ಟುತ್ತಿದ್ದರು. ಧಬ್ ಎಂದ ಕಡೆ ಧೈರ್ಯವಾಗಿ ಹೆಜ್ಜೆ ಇಡುತ್ತಿದ್ದರು. ನಾವು ಅವರ ಹಿಂದೆ. ಇದನ್ನು ನಮಗೆ ಯಾರೂ ಕೂರಿಸಿ ಕಲಿಸಲಿಲ್ಲ. ಅದು ಕಾಲಿಗೆ ತಾನಾಗಿ ಬಂದ ತಿಳಿವಳಿಕೆ.

ಆ ದಿನ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಹಿಂದಿನ ಸಂಜೆ ಹೊಸ ಹಿಮ ಬಿದ್ದಿತ್ತು. ನಮ್ಮ ಗೈಡ್ ಮೊದಲು ಇಳಿದು, ಕೆಳಗೆ ಮರಗಳ ಹತ್ತಿರ ನಿಂತು ಕೈ ಎತ್ತಿದ. ಒಬ್ಬೊಬ್ಬರಾಗಿ, ತನ್ನ ಸ್ಕೀ ಎಳೆದ ಗೆರೆಯಲ್ಲೇ ಬರಬೇಕು ಎಂದು ಹೇಳಿದ್ದ. ಅಣ್ಣ ಹೊರಟರು. ಅವರ ನಂತರ ನನ್ನ ಸರದಿ, ಉಳಿದಿಬ್ಬರು ಮೇಲೆ ಬಂಡೆಯ ಮರೆಯಲ್ಲಿದ್ದರು. ಅಣ್ಣ ಅರ್ಧ ದಾರಿಯಲ್ಲಿ ಗೆರೆ ಬಿಟ್ಟು ಎಡಕ್ಕೆ ತಿರುಗಿದ್ದು ಕಂಡಿತು. ಅಲ್ಲೊಂದು ಸಣ್ಣ ತಗ್ಗು ಇತ್ತು, ಈಗಷ್ಟೇ ಹೊದಿಕೆ ಎಳೆದ ಹಾಸಿಗೆಯಂತೆ ನುಣ್ಣಗೆ. ಅದರ ಅಂಚಿನಲ್ಲಿ ಅವರು ನಿಂತುಬಿಟ್ಟರು. ಬಹಳ ಹೊತ್ತು ಕದಲಲಿಲ್ಲವೆಂದು ನಾನು ನಿಧಾನವಾಗಿ ಅವರ ಹತ್ತಿರಕ್ಕೆ ಇಳಿದೆ.

ಅವರು ಸ್ಕೀ ಕೋಲಿನಿಂದ ಹಿಮವನ್ನು ಕುಟ್ಟುತ್ತಿದ್ದರು. ಒಂದು ಕಡೆ ಕೋಲು ಸುಮ್ಮನೆ ಹೂತುಕೊಂಡಿತು. ಇನ್ನೊಂದು ಕಡೆ ಕುಟ್ಟಿದಾಗ ಕೆಳಗಿನಿಂದ ಧಬ್ ಎಂದಿತು. ನಮ್ಮ ರಸ್ತೆಯ ಸದ್ದೇ. ಅಷ್ಟು ಎತ್ತರದಲ್ಲಿ, ಅಷ್ಟು ದೂರದಲ್ಲಿ, ಆ ಬಿಳುಪಿನ ನಡುವೆ ಅದು ಕೇಳಿಸಿದಾಗ ನನ್ನ ಮೈಗೆ ಹಿತವಾಯಿತು. ಭಯವಾಗಬೇಕಿದ್ದ ಜಾಗದಲ್ಲಿ ಮನೆಯ ನೆನಪು ಬಂತು. ಅಣ್ಣ ನನ್ನ ಕಡೆ ತಿರುಗಿ ನಕ್ಕರು.

“ಇಲ್ಲಿ ಚಪ್ಪಡಿ ಇದೆ ಕಣಮ್ಮ,” ಎಂದರು. ಹೆಜ್ಜೆ ಇಟ್ಟರು.

ಬಿದ್ದ ಸದ್ದು ಆಗಲಿಲ್ಲ. ಕೂಗಲೂ ಇಲ್ಲ. ಇದ್ದ ಮನುಷ್ಯ ಎದೆಯವರೆಗೆ ಇಲ್ಲವಾದರು. ಒಂದು ಸ್ಕೀ ತೂತಿಗೆ ಅಡ್ಡವಾಗಿ ಸಿಕ್ಕಿಕೊಂಡು ಅವರನ್ನು ತಡೆದು ಹಿಡಿದಿತ್ತು. ಇನ್ನೊಂದು ಕಳಚಿ ಕೆಳಗೆ ಹೋಯಿತು. ನಾನು ಸ್ಕೀ ಬಿಚ್ಚಿ ಹೊಟ್ಟೆಯ ಮೇಲೆ ಮಲಗಿ ತೆವಳಿದೆ. ಕೋಲು ಚಾಚಿದೆ, ಅವರು ಹಿಡಿದರು. ಅವರ ಭುಜದ ಪಕ್ಕದ ಸಂದಿಯಿಂದ ಒಳಗೆ ಕಂಡಿತು. ಹಿಮದ ಅಡಿಭಾಗ ನೀಲಿಯಾಗಿ ಹೊಳೆಯುತ್ತಿತ್ತು. ಅದರ ಕೆಳಗೆ ಒಂದಾಳು ಆಳದಲ್ಲಿ, ಇನ್ನೂ ಹೆಪ್ಪುಗಟ್ಟದ ತೊರೆ ಕಪ್ಪಗೆ ಹರಿಯುತ್ತಿತ್ತು. ಒಳಗಿನಿಂದ ಬಂದ ಗಾಳಿ ಹೊರಗಿನಷ್ಟು ತಣ್ಣಗಿರಲಿಲ್ಲ. ಅದಕ್ಕೆ ಹಸಿ ಮಣ್ಣಿನ ವಾಸನೆ ಇತ್ತು.

ಅಣ್ಣ ನನ್ನನ್ನು ನೋಡುತ್ತಿರಲಿಲ್ಲ. ತಲೆ ಒಂದು ಪಕ್ಕಕ್ಕೆ ವಾಲಿಸಿ ಏನನ್ನೋ ಆಲಿಸುತ್ತಿದ್ದರು.

“ಕೆಳಗೆ ಯಾರೋ ನಡ್ಕೊಂಡ್ ಹೋಗ್ತಾ ಇದಾರೆ,” ಎಂದರು. ಗೇಟಿನ ಹತ್ತಿರ ಯಾರೋ ಬಂದಿದ್ದಾರೆ ಎನ್ನುವಂಥ ಸಾದಾ ದನಿ. “ಮಾತಾಡ್ಬೇಡ. ಹೋಗ್ಲಿ.”

ನೀರಿನ ಸದ್ದಿನ ಒಳಗೆ ನನಗೂ ಕೇಳಿಸಿತು. ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟಂತೆ, ಅವಸರವಿಲ್ಲದೆ. ಕಲ್ಲುಗಳು ಉರುಳಿದ ಸದ್ದಿರಬಹುದು ಎಂದು ಆಮೇಲೆ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ನೀರು ತಳ್ಳಿದ ಕಲ್ಲು ಕೆಳಕ್ಕೆ ಉರುಳುತ್ತದೆ. ಆ ಸದ್ದು ಮೇಲಕ್ಕೆ ಹೋಗುತ್ತಿತ್ತು. ನೀರಿಗೆ ಎದುರಾಗಿ.

ಗೈಡ್ ಹತ್ತಿ ಬಂದು ಹಗ್ಗ ಹಾಕಿದ. ಎಳೆದೆವು. ಅಣ್ಣ ಹೊರಬಂದು ಹಿಮದ ಮೇಲೆ ಕೂತು ಬೂಟಿನ ಹಿಮ ಕೊಡವಿದರು, ನಂತರ ಗಹಗಹಿಸಿ ನಕ್ಕರು. ಮೇಲಿದ್ದ ಇಬ್ಬರಿಗೆ ನಡೆದದ್ದು ಕಂಡಿರಲೇ ಇಲ್ಲ. ಅವರಿಗೆ ಅಣ್ಣ ಹೇಳಿದ್ದು ಮೊಣಕಾಲಾಳದ ಗುಂಡಿಯ ಕಥೆ. ಹಿಮದ ಕೆಳಗೆ ನಡೆದುಹೋದವರ ಬಗ್ಗೆ ಅಂದು ಸಂಜೆ ನಾನು ಕೇಳಿದಾಗ ಅವರು ನನ್ನ ಮುಖವನ್ನೇ ನೋಡಿ, ತಾವು ಹಾಗೆ ಹೇಳಿಯೇ ಇಲ್ಲ, ನನಗೆ ತಲೆ ತಿರುಗಿರಬೇಕು ಎಂದರು. ಮನೆಯಲ್ಲಿ ಅತ್ತಿಗೆಗೆ ಏನೂ ತಿಳಿಯಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡರು.

ಊರಿಗೆ ಬಂದ ಮೇಲೆ ನನಗೆ ಚಪ್ಪಡಿಗಳ ಮೇಲೆ ನಡೆಯಲು ಆಗಲಿಲ್ಲ. ಬಸವೇಶ್ವರನಗರದ ಕಡೆಯಿಂದ ಹೊರಟ ನೀರು ನಮ್ಮ ಕಾಲಡಿಯಲ್ಲೇ ಹಾದು, ದೊಡ್ಡ ಕಾಲುವೆ ಸೇರಿ, ಬಾಪೂಜಿ ನಗರದ ಮಗ್ಗುಲಲ್ಲಿ ಮೈಸೂರು ರಸ್ತೆಯ ಜೊತೆಗೇ ಕೆಂಗೇರಿಗೆ ಹೋಗುತ್ತದೆ. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಹಿಂದೆ ಅದನ್ನು ಯೋಚಿಸಿರಲಿಲ್ಲ, ಅಷ್ಟೇ. ಈಗ ಎಲ್ಲಿ ನಿಂತರೂ ಕೆಳಗೆ ಟೊಳ್ಳಿದೆ ಅನ್ನಿಸುತ್ತದೆ. ರಸ್ತೆಯ ನಡುವೆ ನಡೆಯತೊಡಗಿದೆ. ಒಮ್ಮೆ ಹಿಂದಿನಿಂದ ಬಂದ ಡೆಲಿವರಿ ಹುಡುಗ ಬ್ರೇಕ್ ಹಾಕಿ, “ಅಕ್ಕಾ, ಫುಟ್‌ಪಾತ್ ಏನ್ ಶೋಕೇಸಿಗ್ ಇಟ್ಟಿದಾರಾ?” ಎಂದು ಕೇಳಿ ಹೋದ.

ಅಣ್ಣ ಚೆನ್ನಾಗಿಯೇ ಇದ್ದರು, ಅಥವಾ ಹಾಗೆ ಕಾಣುತ್ತಿದ್ದರು. ಬೇಸಿಗೆಯಲ್ಲಿ ಒಂದು ದಿನ ಅತ್ತಿಗೆ ಮಾವಿನಕಾಯಿ ಹೆಚ್ಚುತ್ತಾ ನನಗೊಂದು ವಿಷಯ ಹೇಳಿದರು. ಇತ್ತೀಚೆಗೆ ಅಣ್ಣ ನಿದ್ದೆಯಲ್ಲಿ ಎದ್ದು ಕೂರುತ್ತಾರಂತೆ. ಮಂಚದಿಂದ ಬಗ್ಗಿ ಬೆರಳಿನ ಗೆಣ್ಣಿನಿಂದ ನೆಲ ಕುಟ್ಟಿ ಕಿವಿಗೊಡುತ್ತಾರಂತೆ.

“ಏನ್ರೀ ಅದು ಅಂತ ಕೇಳಿದ್ರೆ, ಗಟ್ಟಿ ಇದೆ ಅಂತಾರೆ,” ಎಂದರು ಅತ್ತಿಗೆ. “ಏನೋ ಸಿಗಲಿಲ್ಲ ಅನ್ನೋ ಥರ ಬೇಜಾರಲ್ಲಿ ಹೇಳ್ತಾರೆ ಕಣೇ.”

ಹೆಚ್ಚಿದ ಹೋಳುಗಳನ್ನು ನಾನು ಪಾತ್ರೆಗೆ ತುಂಬಿದೆ. ಅಣ್ಣನಿಗೆ ಕೊಟ್ಟ ಮಾತು ಮುರಿಯುವಂತಿರಲಿಲ್ಲ. ಅವತ್ತೇ ತೀರ್ಮಾನಿಸಿದೆ, ಮುಂದಿನ ಸಲ ಊರು ಆರಿಸುವಾಗ ಅಣ್ಣ ಆ ಇಳಿಜಾರಿಗೆ ಹೋಗದ ಹಾಗೆ ಮಾಡಬೇಕು. ಎರಡನೆಯ ಸಲ ಅಡ್ಡ ಹಿಡಿಯಲು ಸ್ಕೀ ಸಿಕ್ಕಿಕೊಳ್ಳುತ್ತದೆ ಎಂದು ಯಾರು ಹೇಳಬಲ್ಲರು?

ಅದಕ್ಕಾಗಿಯೇ ಈ ವರ್ಷ ನಾನು ಮೂರೂ ಊರುಗಳ ಬೇಸಿಗೆಯ ಚಿತ್ರಗಳನ್ನು ಕೂಡಿಸಿದ್ದೆ. ಮೊದಲ ಹಿಮಕ್ಕೆ ಹೋಗುವವರು ನೋಡಬೇಕಾದದ್ದು ಅದನ್ನೇ ಎಂದು ಆಮೇಲೆ ಓದಿ ತಿಳಿದುಕೊಂಡಿದ್ದೆ. ಕೆಳಗೆ ಹುಲ್ಲಿದ್ದರೆ ತೆಳು ಹಿಮವೂ ಸಾಕು. ಬಂಡೆಗಳಿದ್ದರೆ ಆಳು ಮುಳುಗುವಷ್ಟು ಹಿಮ ಬೇಕು. ತೊರೆಯಿದ್ದರೆ ಅದು ಹೆಪ್ಪುಗಟ್ಟಿ, ಮೇಲೆ ಹಿಮ ಮಂದವಾಗಿ ಕೂರುವವರೆಗೆ ಅತ್ತ ಸುಳಿಯಬಾರದು. ಇದನ್ನೆಲ್ಲ ತಾರಸಿಯ ಮೇಲೆ ವಿವರಿಸಿದೆ. ಗೆಳತಿ ಉತ್ತರಾಖಂಡದ ಹುಲ್ಲುಗಾವಲಿನ ಚಿತ್ರ ನೋಡಿ ಇದೇ ಆಗಲಿ ಎಂದಳು. ಗದಗಿನವನು ತಲೆ ಕೆರೆದುಕೊಂಡ.

“ಹುಲ್ಲೇನೋ ಛಲೋ ಐತ್ರಿ ಮೇಡಂ. ಬರ್ಫ ಬೀಳ್ಲಿಲ್ಲಂದ್ರ ನಾವ ಮೇಯ್ಬೇಕಾಗ್ತದಲ್ರೀ?”

ಎಲ್ಲರೂ ನಕ್ಕರು. ಅಣ್ಣನೂ ನಕ್ಕರು. ಆಗಲೇ ಅವರು ಲೋಟ ಕೆಳಗಿಟ್ಟು ಕಾಶ್ಮೀರದ ಹಿಮದ ಚಿತ್ರದಲ್ಲಿ ಆ ಇಳಿಜಾರಿನ ಮೇಲೆ ಬೆರಳಿಟ್ಟದ್ದು. ಗೆಳತಿ ಕಾರಣ ಕೇಳಿದಳು. ತಮ್ಮ ಒಂದು ಸ್ಕೀ ಅಲ್ಲೇ ಉಳಿದಿದೆ, ಹೋಗಿ ತರುವುದು ಬೇಡವೇ ಎಂದರು, ತಮಾಷೆಯ ಮುಖ ಮಾಡಿ. ಬೆರಳನ್ನು ಮಾತ್ರ ತೆಗೆಯಲಿಲ್ಲ.

ನಾನು ಅದೇ ಇಳಿಜಾರಿನ ಬೇಸಿಗೆಯ ಚಿತ್ರ ತೆರೆದೆ. ನುಣ್ಣಗಿದ್ದ ಆ ತಗ್ಗು ಅಲ್ಲಿ ಒಂದು ಸೀಳು. ಎರಡೂ ಕಡೆ ಕಡಿದಾದ ಬಂಡೆ, ನಡುವೆ ಕಲ್ಲುಗಳಿಗೆ ಬಡಿದು ನೊರೆಯೇಳುವ ತೊರೆ. ದಡವಿಲ್ಲ, ದಾರಿಯಿಲ್ಲ. ಕುರಿ ಕೂಡ ಇಳಿಯುವಂಥ ಜಾಗವಲ್ಲ. ಅಣ್ಣ ಪರದೆಗೆ ಮುಖ ಹತ್ತಿರ ತಂದರು. ಅವರ ನಗು ನಿಂತಿತು.

“ಇಷ್ಟೇನಾ?” ಎಂದರು. “ಇದ್ರಲ್ಲಿ ನಡೆಯೋಕೆ ಎಲ್ಲಿದೆ ಜಾಗ?”

ಗದಗಿನವನಿಗೂ ಗೆಳತಿಗೂ ಆ ಮಾತಿನಲ್ಲಿ ಏನೂ ಕಾಣಲಿಲ್ಲ. ನನಗೆ ಮಾತ್ರ ಆ ನಡಿಗೆಯ ಸದ್ದು ನೆನಪಾಯಿತು. ಅಣ್ಣ ತಾವು ಹಾಗೆ ಹೇಳಿಯೇ ಇಲ್ಲ ಎಂದಿದ್ದರು. ಇಷ್ಟು ದಿನ ಅವರಿಗೆ ಎಲ್ಲವೂ ನೆನಪಿತ್ತು.

ಮೆಟ್ಟಿಲ ಹತ್ತಿರ ಅತ್ತಿಗೆ ಖಾಲಿ ಲೋಟಗಳನ್ನು ಒಯ್ಯಲು ಬಂದು ನಿಂತಿದ್ದರು.

“ಯಾರು ನಡೆಯೋಕೆ?” ಎಂದು ಕೇಳಿದರು.

ಅಣ್ಣ ಲ್ಯಾಪ್‌ಟಾಪ್ ಮುಚ್ಚಿದರು. ತಿಂಡಿಗೆ ಹೋಗೋಣ, ಹಸಿವಾಗಿದೆ ಎಂದು ಎದ್ದರು. ಅತ್ತಿಗೆ ಲೋಟಗಳನ್ನು ಅಲ್ಲೇ ಬಿಟ್ಟು ನಮ್ಮ ಜೊತೆ ಇಳಿದು ಬಂದರು.

ಮನೆಯಿಂದ ಹೋಟೆಲಿಗೆ ಹೋಗುವ ರಸ್ತೆಯ ಉದ್ದಕ್ಕೂ ಮೋರಿ, ಮೋರಿಯ ಉದ್ದಕ್ಕೂ ಚಪ್ಪಡಿ. ಗೆಳತಿ ಮತ್ತು ಗದಗಿನವನು ಮಾತಾಡುತ್ತಾ ಅದರ ಮೇಲೆ ಮುಂದೆ ಹೋದರು. ಅತ್ತಿಗೆ ಅವರ ಹಿಂದೆ. ಧಬ್, ಧಬ್ ಎನ್ನುವುದು ಕೇಳುತ್ತಿತ್ತು. ನಾನು ಅಭ್ಯಾಸದಂತೆ ರಸ್ತೆಗೆ ಇಳಿದೆ. ಪಕ್ಕದಲ್ಲಿ ನೋಡಿದರೆ ಅಣ್ಣನೂ ರಸ್ತೆಯಲ್ಲೇ ಇದ್ದರು. ನಿಲ್ಲಿಸಿದ ಕಾರುಗಳನ್ನು ಬಳಸಿ, ಸ್ಕೂಟರುಗಳಿಗೆ ದಾರಿ ಬಿಟ್ಟು, ಚಪ್ಪಡಿಗೆ ಮಾತ್ರ ಕಾಲು ತಾಗದ ಹಾಗೆ ನಡೆಯುತ್ತಿದ್ದರು. ಅದೇ ರಸ್ತೆಯಲ್ಲಿ ಹುಟ್ಟಿ ಬೆಳೆದ ಮನುಷ್ಯ.

“ಅಣ್ಣ, ನೀವೂ ಅದ್ರ ಮೇಲೆ ಕಾಲಿಡ್ತಾ ಇಲ್ಲ,” ಎಂದೆ.

“ಅವತ್ತಿಂದ ಇಟ್ಟಿಲ್ಲ ಕಣಮ್ಮ.”

“ಮತ್ತೆ ಅಲ್ಲಿಗ್ಯಾಕೆ ಹೋಗ್ಬೇಕು ಅಂತೀರ?”

ಅವರು ನಿಂತರು. ಬಹಳ ಮೆಲ್ಲಗೆ, “ಯಾರು ಅಂತ ನೋಡ್ಬೇಕು ಅನ್ಸುತ್ತೆ,” ಎಂದರು. “ಇಲ್ಲೇ ಕೂತಿದ್ರೂ ಅನ್ಸುತ್ತೆ. ಅಂಗಡೀಲಿ ಕೂತಿದ್ರೂ ಅನ್ಸುತ್ತೆ. ಅವತ್ತು ಆ ಗೈಡ್ ಹಗ್ಗ ಹಾಕ್ದಿದ್ರೆ ನೋಡ್ತಿದ್ನೇನೋ ಅಂತ.”

ಅತ್ತಿಗೆ ತಿರುಗಿ ನಿಂತಿದ್ದರು. ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದರೋ. ಅವರು ಚಪ್ಪಡಿಯ ಮೇಲಿದ್ದರು, ನಾವಿಬ್ಬರು ರಸ್ತೆಯಲ್ಲಿ. ಯಾವ ಹಗ್ಗ ಎಂದು ಕೇಳಿದರು. ಅಣ್ಣ ಹೇಳಿದರು. ಆ ಬೆಳಗಿನ ಬಿಸಿಲಿನಲ್ಲಿ, ತರಕಾರಿ ಗಾಡಿಯವನು ಕೂಗುತ್ತಾ ದಾಟಿ ಹೋಗುತ್ತಿರುವಾಗ, ನಿಂತಲ್ಲೇ ಎಲ್ಲವನ್ನೂ ಹೇಳಿದರು. ಕೋಲಿನಿಂದ ಕುಟ್ಟಿದ್ದು, ನೀರು, ನಡಿಗೆ. ಹೇಳಿ ಮುಗಿಸುವ ಹೊತ್ತಿಗೆ ಅವರ ಹಣೆ ಬೆವರಿತ್ತು.

ಅತ್ತಿಗೆ ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ನೆಲ ಕುಟ್ಟುವ ವಿಷಯ ಈಗ ಅವರಿಗೆ ಅರ್ಥವಾಗಿರಬೇಕು. ಸ್ವಲ್ಪ ಹೊತ್ತು ಗಂಡನ ಕಾಲುಗಳನ್ನೇ ನೋಡಿದರು.

“ಧನುರ್ಮಾಸದಲ್ಲಿ ಅಂಗಡಿ ಖಾಲಿ ಅಂತ ತಾನೇ ಆಗ ಹೋಗೋದು?” ಎಂದರು. “ಈ ಸಲ ಅಂಗಡಿ ನಾನ್ ನೋಡ್ಕೋತೀನಿ. ಹಬ್ಬ ಕಳೀಲಿ, ಹಿಮ ಚೆನ್ನಾಗಿ ಬೀಳ್ಲಿ. ಆಮೇಲೆ ಹೋಗಿ. ಇವ್ಳು ತೋರಿಸ್ತಾಳಲ್ಲ, ಆ ಹುಲ್ಲಿರೋ ಕಡೆ ಹೋಗಿ.”

ಅಣ್ಣನ ಕಣ್ಣು ಚಪ್ಪಡಿಯ ಸಂದಿಯ ಮೇಲಿತ್ತು.

“ಅಲ್ಲಿಗೆ ಹೋದ್ರೆ ನೀವ್ ವಾಪಸ್ ಬರಲ್ಲ ರೀ,” ಎಂದರು ಅತ್ತಿಗೆ, ಇನ್ನೂ ಮೆಲ್ಲಗೆ. “ಅದು ನಿಮಗೂ ಗೊತ್ತು.”

ಮುಂದೆ ಹೋಗಿದ್ದ ಇಬ್ಬರು ಹಿಂದಿರುಗಿ ಬಂದು, ಏನಾಯಿತೆಂದು ತಿಳಿಯದೆ ನಮ್ಮನ್ನು ನೋಡುತ್ತಿದ್ದರು. ಅಣ್ಣ ಅವರ ಕಡೆ ತಿರುಗಿದರು. ಫೆಬ್ರವರಿ, ಉತ್ತರಾಖಂಡ, ಎಂದರು. ಗದಗಿನವನು ಕಾರಣ ಕೇಳಲಿಲ್ಲ. ಹಂಗಾರ ಮೇಯೋದು ತಪ್ಪಿತು ಎಂದಷ್ಟೇ ಹೇಳಿದ. ಗೆಳತಿ ಅಲ್ಲೇ ನಿಂತು ಫೋನಿನಲ್ಲಿ ಊರನ್ನೂ ತಿಂಗಳನ್ನೂ ಗುರುತು ಮಾಡಿಕೊಂಡಳು. ನಾವು ಆರಿಸಿದ್ದು ಹೀಗೆ, ಮೋರಿಯ ಪಕ್ಕದಲ್ಲಿ ನಿಂತು.

ನಂತರ ಅತ್ತಿಗೆ ತಾವು ನಿಂತಿದ್ದ ಚಪ್ಪಡಿಯಿಂದ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಮಾಡಿದರು.

“ಬನ್ನಿ,” ಎಂದರು.

ಅಣ್ಣ ಒಂದು ಕಾಲನ್ನು ಎತ್ತಿದರು. ಅದು ಗಾಳಿಯಲ್ಲೇ ನಿಂತಿತು. ಇಟ್ಟರು. ಧಬ್ ಎಂದಿತು. ಇನ್ನೊಂದು ಕಾಲನ್ನೂ ಇಟ್ಟರು. ಆಮೇಲೆ ಅವರ ತಲೆ ನಿಧಾನವಾಗಿ ಒಂದು ಪಕ್ಕಕ್ಕೆ ವಾಲಿತು, ಅವತ್ತಿನ ಹಾಗೆಯೇ. ನನಗೇ ಗೊತ್ತಿಲ್ಲದಂತೆ ನಾನೂ ಅವರ ಪಕ್ಕಕ್ಕೆ ಹತ್ತಿ ನಿಂತಿದ್ದೆ. ನಾವಿಬ್ಬರೂ ಕೇಳಿಸಿಕೊಂಡೆವು. ಕಲ್ಲಿನ ಸಂದಿಯಿಂದ ನೀರಿನ ಸದ್ದು ಬರುತ್ತಿತ್ತು. ನೀರಿನ ಒಳಗೆ ಇನ್ನೇನೋ ಇತ್ತು, ಅಥವಾ ಎರಡು ರಸ್ತೆ ಆಚೆ ಯಾರೋ ಏನನ್ನೋ ಬಡಿಯುತ್ತಿದ್ದರು.

“ಯಾವ ಕಡೆ ಹೋಗ್ತಾ ಇದೆ?” ಎಂದು ಅಣ್ಣ ನನ್ನನ್ನು ಕೇಳಿದರು.

ಅವತ್ತು ಹಿಮದ ಕೆಳಗಿನ ಸದ್ದು ನೀರಿಗೆ ಎದುರಾಗಿ ಹೋಗಿತ್ತೆಂದು ನಾನು ಇದುವರೆಗೆ ಯಾರಿಗೂ ಹೇಳಿರಲಿಲ್ಲ, ಅವರಿಗೂ. ಕಣ್ಣು ಮುಚ್ಚಿ ಇನ್ನೊಂದು ಸಲ ಆಲಿಸಿದೆ.

“ಕೆಳಕ್ಕೆ,” ಎಂದೆ. “ನೀರಿನ ಜೊತೆಗೇ, ಕೆಂಗೇರಿ ಕಡೆಗೆ.”

ಅಣ್ಣ ಉಸಿರು ಬಿಟ್ಟರು. ಅತ್ತಿಗೆಯ ತೋಳು ಹಿಡಿದು ಮುಂದಿನ ಚಪ್ಪಡಿಯ ಮೇಲೆ ಕಾಲಿಟ್ಟರು.